ಹೆಸರಿನಲ್ಲಿ ತಾನೇ ಇಲ್ಲದ ಉಪಕರಣ

ಸ್ಪೇನ್ ದೇಶದ ಕತಲೋನಿಯಾ ಸೀಮೆಯ ಜಿರೋನಾ ಊರಿನಲ್ಲಿ ನಾನು ಕೆಲವು ತಿಂಗಳು ಬಾಡಿಗೆಗಿದ್ದ ಮನೆಯ ಅಡುಗೆಕೋಣೆಯ ಡ್ರಾಯರಿನಲ್ಲಿ, ಚಮಚ ಚಾಕುಗಳ ನಡುವೆ, ಮರದ ಹಿಡಿಯಿದ್ದ ಒಂದು ಸುರುಳಿ ಮೊಳೆ ಬಿದ್ದಿರುತ್ತಿತ್ತು. ವೈನ್ ಬಾಟಲಿಯ ಬಿರಡೆಯನ್ನು ಕೀಳುವ ಸಾಧನ ಅದು. ಆಗಷ್ಟೇ ಅಲ್ಲಿನ ಭಾಷೆ ಕತಲಾನ್ ಕಲಿಯತೊಡಗಿದ್ದ ಉತ್ಸಾಹದಲ್ಲಿ ನಾನದನ್ನು ಎತ್ತಿ ಹಿಡಿದು ‘ತಿರಬುಶೋ’ ಎಂದೆ. ಅದು ಹೋಟೆಲಿನಲ್ಲಿ ಕಿವಿಗೆ ಬಿದ್ದಿದ್ದ ಪದ. ಮನೆಯೊಡತಿ ಎಪ್ಪತ್ತು ದಾಟಿದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. “ತಪ್ಪೇನಿಲ್ಲ, ಹಾಗೂ ಅನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಅದು ಲ್ಯೆವತಾಪ್ಸ್” ಎಂದರು. ಒಂದೇ ವಸ್ತುವಿಗೆ ಎರಡು ಹೆಸರು, ಎರಡೂ ನಿಘಂಟು ಒಪ್ಪಿದ ಹೆಸರುಗಳೇ. ಆದರೆ ಒಂದನ್ನು ಬಿಡಿಸಿದರೆ ಒಳಗಿನದೆಲ್ಲ ಕಾಣುತ್ತದೆ, ಇನ್ನೊಂದನ್ನು ಎಷ್ಟು ಬಿಡಿಸಿದರೂ ಕತಲಾನ್ ಬಲ್ಲವನಿಗೆ ಅರ್ಧವೇ ಕಾಣುತ್ತದೆ. ಆ ದಿನದಿಂದ ಈ ಚಿಕ್ಕ ಸಾಧನದ ಹೆಸರು ನನ್ನ ತಲೆಯೊಳಕ್ಕೆ ತಿರುಪಿನಂತೆಯೇ ಇಳಿದು ಕೂತಿದೆ.

ಲ್ಯೆವತಾಪ್ಸ್ ಎಂಬುದು ‘ಲ್ಯೆವ’ ಮತ್ತು ‘ತಾಪ್ಸ್’ ಎಂಬ ಎರಡು ತುಂಡುಗಳ ಸಮಾಸ. ಮೊದಲನೆಯದು ‘ತೆಗೆ’ ಎಂಬ ಅರ್ಥದ ಕ್ರಿಯಾಪದ, ಎರಡನೆಯದು ‘ತಾಪ್’ ಎಂಬ ನಾಮಪದದ ಬಹುವಚನ. ತಾಪ್ ಎಂದರೆ ಬಿರಡೆ. ಹಾಗಾಗಿ ಇಡೀ ಪದ ‘ತೆಗೆ-ಬಿರಡೆಗಳು’ ಎಂದಾಗುತ್ತದೆ. ಕ್ರಿಯೆ ಮೊದಲು, ಕರ್ಮ ಆಮೇಲೆ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಟ್ಟೇ ರೂಢಿಯಾದ ನಮ್ಮ ಕಿವಿಗೆ ಇದು ತಲೆಕೆಳಗಾಗಿ ಕೇಳಿಸುತ್ತದೆ.

ಕ್ರಿಯಾಪದದ ಪೂರ್ಣ ರೂಪ ಲ್ಯೆವಾರ್. ಕೊನೆಯ ರಕಾರವನ್ನು ಬಾರ್ಸೆಲೋನಾದವರು ಬರೆಯುತ್ತಾರೆ, ನುಡಿಯುವುದಿಲ್ಲ. ವಲೆನ್ಸಿಯಾದ ಬಹುಪಾಲು ಜನ ನುಡಿಯುತ್ತಾರೆ. ಅದರ ಹುಟ್ಟು ಲ್ಯಾಟಿನ್ನಿನ ‘ಲೆವಾರೆ’ಯಲ್ಲಿದೆ. ಹಗುರ ಮಾಡು, ಮೇಲೆತ್ತು ಎಂದು ಅದರ ಅರ್ಥ. ಅದರ ಹಿಂದೆ ಇರುವುದು ಹಗುರ ಎಂಬ ಅರ್ಥದ ‘ಲೆವಿಸ್’. ಈ ಲೆವಿಸ್ ನಮಗೆ ಅಪರಿಚಿತವೇನಲ್ಲ, ಸಂಸ್ಕೃತದ ‘ಲಘು’ ಅದರದೇ ದಾಯಾದಿ. ಕನ್ನಡದಲ್ಲಿ ಲಘುವಾಗಿ, ಲಘು ಉಪಾಹಾರ ಎಂದು ನಾವು ದಿನವೂ ಬಳಸುವ ಪದದ ದೂರದ ನೆಂಟನೊಬ್ಬ ಮೆಡಿಟರೇನಿಯನ್ ದಂಡೆಯ ಅಡುಗೆಮನೆಯಲ್ಲಿ ಬಿರಡೆ ಕೀಳುತ್ತಿದ್ದಾನೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಿಕೊಳ್ಳುವುದು ಸ್ವಲ್ಪ ನಾಚಿಕೆಯ ವಿಷಯವೇ. ಪದಗಳ ಹುಚ್ಚಿರುವವರು ಕ್ಷಮಿಸುತ್ತಾರೆ.

ಮೇಲೆತ್ತುವುದು ಎಂಬ ಮೂಲ ಅರ್ಥದಿಂದ ಕತಲಾನ್ ಭಾಷೆ ಒಂದು ದೊಡ್ಡ ಕುಟುಂಬವನ್ನೇ ಬೆಳೆಸಿದೆ. ಹಾಸಿಗೆಯಿಂದ ಏಳುವುದಕ್ಕೆ ಇದೇ ಕ್ರಿಯಾಪದ. ಸೂರ್ಯ ಏಳುವ ದಿಕ್ಕು, ಅಲ್ಲಿಂದ ಬೀಸುವ ಗಾಳಿ, ಎರಡೂ ‘ಲ್ಯೆವಾನ್’. ಹಿಟ್ಟನ್ನು ಉಬ್ಬಿಸಿ ಮೇಲೇಳಿಸುವ ಹುದುಗು ‘ಲ್ಯೆವಾತ್’. ಹೆರಿಗೆ ಮಾಡಿಸಿ ಮಗುವನ್ನು ಎತ್ತಿಕೊಳ್ಳುವ ಸೂಲಗಿತ್ತಿ ‘ಲ್ಯೆವದೋರ’. ಎತ್ತುವುದು ಎಂಬುದರಿಂದ ತೆಗೆಯುವುದು, ಕಳೆಯುವುದು ಎಂಬ ಅರ್ಥಕ್ಕೆ ಹೊರಳುವುದು ದೊಡ್ಡ ಜಿಗಿತವಲ್ಲ. ಬಟ್ಟೆಯ ಕಲೆ ತೆಗೆಯುವ ದ್ರಾವಣಕ್ಕೆ ‘ಲ್ಯೆವತಾಕೆಸ್’ ಎನ್ನುವಾಗಲೂ ಅದೇ ಅರ್ಥ. ಆದರೆ ಒಂದು ಸೂಕ್ಷ್ಮವಿದೆ. ಈ ‘ತೆಗೆ’ ಎಂಬ ಅರ್ಥದಲ್ಲಿ ಲ್ಯೆವಾರ್ ಇಂದು ಮಯೋರ್ಕಾ ದ್ವೀಪದಲ್ಲೂ ವಲೆನ್ಸಿಯಾದಲ್ಲೂ ಬಾಯಿಮಾತಿನಲ್ಲಿ ಗಟ್ಟಿಯಾಗಿ ಉಳಿದಿದೆಯೇ ಹೊರತು ಬಾರ್ಸೆಲೋನಾದ ಕಡೆ ದಿನನಿತ್ಯದ ಮಾತಿನಲ್ಲಿ ‘ತ್ರೆವ್ರೆ’ ಎಂಬ ಬೇರೆ ಕ್ರಿಯಾಪದ ಅದರ ಜಾಗವನ್ನು ಹಿಡಿದಿದೆ. ಅಲ್ಲಿನವರು ಬಿರಡೆಯನ್ನು ಒಂದು ಕ್ರಿಯಾಪದದಿಂದ ತೆಗೆಯುತ್ತಾರೆ, ತೆಗೆಯುವ ಸಾಧನವನ್ನು ಮಾತ್ರ ಇನ್ನೊಂದು ಕ್ರಿಯಾಪದದಿಂದ ಹೆಸರಿಸುತ್ತಾರೆ. ಸ್ಪ್ಯಾನಿಷ್ ಮನೆಮಾತಿನವರ ಪಾಡು ಇನ್ನೂ ವಿಚಿತ್ರ. ಅವರಲ್ಲೂ ಅದೇ ಲ್ಯಾಟಿನ್ ಮೂಲದ, ಅದೇ ಕಾಗುಣಿತದ ಕ್ರಿಯಾಪದವೊಂದಿದೆ, ಆದರೆ ಅಲ್ಲಿ ಅದರ ಅರ್ಥ ‘ಒಯ್ಯು’ ಎಂದು. ಹೊಸದಾಗಿ ಕತಲಾನ್ ಕಲಿಯುವ ಮಾದ್ರಿದ್‌ನವನ ಕಿವಿಗೆ ನಮ್ಮ ಸಾಧನ ಬಿರಡೆಗಳನ್ನು ಹೊತ್ತುಕೊಂಡು ಹೋಗುವ ಕೂಲಿಯಾಗಿ ಕೇಳಿಸಿದರೆ ತಪ್ಪು ಅವನದಲ್ಲ.

ತಾಪ್‌ನ ಕಥೆ ಇಷ್ಟು ಉದ್ದವಿಲ್ಲ. ಅದು ಲ್ಯಾಟಿನ್ನಿನದಲ್ಲ, ಜರ್ಮಾನಿಕ್ ಮೂಲದ್ದು. ಇಂಗ್ಲಿಷಿನ ಟ್ಯಾಪ್ ಅದರ ಬಂಧು. ಇಂದು ನಲ್ಲಿಯಾಗಿರುವ ಆ ಪದವೂ ಮೊದಲು ಪೀಪಾಯಿಯ ತೂತಿಗೆ ಜಡಿಯುವ ಬೆಣೆಯನ್ನೇ ಹೆಸರಿಸುತ್ತಿತ್ತು. ಕತಲಾನ್‌ನಲ್ಲಿ ಕುಳ್ಳಗೆ ದಪ್ಪಗಿರುವವರನ್ನು ಹಾಸ್ಯಕ್ಕೆ ‘ಕೊಳದ ಬಿರಡೆ’ ಎನ್ನುತ್ತಾರೆ. ಇಲ್ಲಿ ನನಗೆ ಮುಖ್ಯವೆನಿಸುವುದು, ತಾಪ್ ಎಂಬುದು ವಸ್ತುವಿನ ಹೆಸರಲ್ಲ, ಅದು ಮಾಡುವ ಕೆಲಸದ ಹೆಸರು ಎಂಬುದು. ಬಿರಡೆಗೆ ಬಳಸುವ ಮರದ ತೊಗಟೆಗೆ ಕತಲಾನ್‌ನಲ್ಲಿ ‘ಸೂರು’ ಎಂಬ ಬೇರೆಯೇ ಪದವಿದೆ, ಅದು ಲ್ಯಾಟಿನ್ನಿನ ‘ಸೂಬೆರ್’ನಿಂದ ಬಂದದ್ದು. (ನಮ್ಮ ಮನೆಯ ಸೂರಿಗೂ ಇದಕ್ಕೂ ಯಾವ ನಂಟೂ ಇಲ್ಲ, ಕೇಳುವಾಗ ಬೆಚ್ಚಿದ್ದು ಮಾತ್ರ ನಿಜ.) ಸ್ಪ್ಯಾನಿಷರು ಇದೇ ಸಾಧನವನ್ನು ‘ಸಾಕಾಕೋರ್ಚೋಸ್’ ಎನ್ನುವಾಗ ತೊಗಟೆಯ ಹೆಸರನ್ನೇ ಹಿಡಿಯುತ್ತಾರೆ. ಇಟಲಿಯವರ ‘ಕಾವಾತಾಪ್ಪಿ’ ಕತಲಾನ್ ದಾರಿಯಲ್ಲೇ ನಡೆಯುತ್ತದೆ. ಪ್ಲಾಸ್ಟಿಕ್ ಬಿರಡೆಗಳು ಬಂದ ಕಾಲದಲ್ಲಿ ಸ್ಪ್ಯಾನಿಷ್ ಹೆಸರು ಸ್ವಲ್ಪ ಸುಳ್ಳಾಯಿತು, ಕತಲಾನ್ ಹೆಸರು ಆಗಲಿಲ್ಲ.

ಈಗ ನಿಜವಾದ ಒಗಟಿಗೆ ಬರುತ್ತೇನೆ. ತೆಗೆಯುವುದು ಆಯಿತು, ಬಿರಡೆಯೂ ಆಯಿತು, ಸಾಧನ ಎಲ್ಲಿ? ಆ ಪದದ ಯಾವ ಮೂಲೆಯಲ್ಲೂ ಮೊಳೆಯಿಲ್ಲ, ಸುರುಳಿಯಿಲ್ಲ, ಹಿಡಿಯಿಲ್ಲ. ಮಾಡುವ ಕೆಲಸವೂ ಅದಕ್ಕೆ ಗುರಿಯಾದದ್ದೂ ಹೆಸರಿನಲ್ಲಿವೆ, ಮಾಡುವಾತ ಇಲ್ಲ. ಶಾಲೆಯಲ್ಲಿ ಸಮಾಸಗಳನ್ನು ಬಾಯಿಪಾಠ ಮಾಡಿದವರಿಗೆ ಇದು ಯಾವ ಜಾತಿಯೆಂದು ಕೂಡಲೇ ಹೊಳೆಯುತ್ತದೆ: ಬಹುವ್ರೀಹಿ. ಮುಕ್ಕಣ್ಣ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಅವೆರಡನ್ನೂ ಉಳ್ಳ ಬೇರೊಬ್ಬ. ಪಾಣಿನಿ ‘ಅನೇಕಮನ್ಯಪದಾರ್ಥೇ’ ಎಂದು ಸೂತ್ರ ಮಾಡಿದ್ದು ಇಂಥ ಪದಗಳಿಗೇ, ಅವುಗಳ ಅರ್ಥ ಒಳಗಿನ ಪದಗಳ ಆಚೆ ಇದೆ ಎಂದು. ಯುರೋಪಿನ ವ್ಯಾಕರಣಕಾರರು ಸಹ ಬಹುವ್ರೀಹಿ ಎಂಬ ಹೆಸರನ್ನು ನಮ್ಮಿಂದಲೇ ಎರವಲು ಪಡೆದು ಇಂದಿಗೂ ಬಳಸುತ್ತಾರೆ.

ಇದು ಬರಿಯ ವ್ಯಾಕರಣದ ವರ್ಗೀಕರಣವಲ್ಲ ಎಂಬುದಕ್ಕೆ ಲಿಂಗವೇ ಸಾಕ್ಷಿ. ಕತಲಾನ್‌ನಲ್ಲಿ ಅಕ್ರೋಟು ಕಾಯಿ ಸ್ತ್ರೀಲಿಂಗ. ಅದನ್ನು ಒಡೆಯುವ ಇಕ್ಕಳಕ್ಕೆ ‘ತ್ರೆಂಕನೌಸ್’ ಎಂದು ಹೆಸರು, ‘ಒಡೆ-ಅಕ್ರೋಟುಗಳು’. ಆದರೆ ಅದು ಪುಲ್ಲಿಂಗ, ಏಕವಚನ. ಪದದ ಕೊನೆಯಲ್ಲಿ ಸ್ತ್ರೀಲಿಂಗ ಬಹುವಚನ ಕಣ್ಣಿಗೆ ಹೊಡೆಯುವಂತೆ ಕುಳಿತಿದ್ದರೂ ಮುಂದೆ ಬರುವ ‘ಒಂದು’ ಎಂಬ ಪದ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಾಣದ ಆ ಮೂರನೆಯವನಿಗೆ ಹೊಂದಿಕೊಳ್ಳುತ್ತದೆ. ಇಕ್ಕಳ ಒಂದಿದ್ದರೂ ತ್ರೆಂಕನೌಸ್, ಹತ್ತಿದ್ದರೂ ತ್ರೆಂಕನೌಸ್. ಡಬ್ಬಿಯ ತಗಡು ತೆರೆಯುವ ‘ಓಬ್ರೆಲ್ಯೌನೆಸ್’ಗೂ ಇದೇ ನಿಯಮ.

ಕನ್ನಡದ ಅಡುಗೆಮನೆ ಇದಕ್ಕೆ ನೇರ ವಿರುದ್ಧವಾಗಿ ಯೋಚಿಸುತ್ತದೆ. ಕಡೆಗೋಲು, ಊದುಗೊಳವೆ, ಬೀಸುಕಲ್ಲು, ತುರಿಮಣೆ, ಕರಾವಳಿಯ ಮೆಟ್ಟುಗತ್ತಿ: ಇವುಗಳಲ್ಲೂ ಕ್ರಿಯೆಯೇ ಮೊದಲು ಬರುತ್ತದೆ, ಆದರೆ ಅದರ ಬೆನ್ನಿಗೆ ನಿಲ್ಲುವುದು ಸಾಧನ. ಕೋಲು, ಕೊಳವೆ, ಕಲ್ಲು, ಮಣೆ, ಕತ್ತಿ ಎಲ್ಲವೂ ಕೈಗೆ ಸಿಗುವಂಥವು. ಹೊಲದಲ್ಲಿ ನಿಲ್ಲಿಸುವ ಬೆದರುಗೊಂಬೆಯನ್ನೇ ನೋಡಿ. ಬೆದರಿಸುವುದೂ ಗೊಂಬೆಯೂ ಹೆಸರಿನಲ್ಲಿವೆ, ಹಕ್ಕಿ ಇಲ್ಲ. ಕತಲಾನ್‌ನಲ್ಲಿ ಅದು ‘ಎಸ್ಪಂತಾಉಸೆಲ್ಸ್’, ಅಂದರೆ ‘ಬೆದರಿಸು-ಹಕ್ಕಿಗಳು’. ಹಕ್ಕಿ ಇದೆ, ಗೊಂಬೆ ಇಲ್ಲ. ಹಳೆ ಮೈಸೂರಿನ ಕಡೆಯ ಬೆರ್ಚಪ್ಪನನ್ನು ನೆನೆದರೆ ನಾವು ಗೊಂಬೆಗೆ ಅಪ್ಪನ ಪಟ್ಟವನ್ನೂ ಕೊಟ್ಟಿದ್ದೇವೆ.

ಈ ಬಗೆಯ ಸಮಾಸ ಕತಲಾನ್‌ನ ಮನೆಯನ್ನು ತುಂಬಿಕೊಂಡಿದೆ. ಹಲ್ಲುಕಡ್ಡಿ ‘ಎಸ್ಕುರದೆನ್ಸ್’, ಅಂದರೆ ಚೊಕ್ಕಮಾಡು-ಹಲ್ಲುಗಳು. ಕೈ ಒರೆಸುವ ಬಟ್ಟೆ ‘ಎಶುಗಮಾ’. ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆ ‘ಎಸ್ಕಲ್ಫಲ್ಯಿತ್ಸ್’. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗೋಡೆಯ ಅಗ್ಗಿಷ್ಟಿಕೆಯ ಹೆಸರು, ‘ಎಸ್ಕಲ್ಫಪಾನ್ಶೆಸ್’: ಹೊಟ್ಟೆ ಕಾಯಿಸುವುದು. ಅದರ ಮುಂದೆ ಅಂಗಿ ಸಡಿಲಿಸಿ ಕೂತ ಅಜ್ಜನೊಬ್ಬ ಆ ಹೆಸರಿನೊಳಗೇ ಇದ್ದಾನೆ. ವಿದ್ಯುತ್ ಬಂದಮೇಲೆ ಯಂತ್ರಗಳು ಹೆಚ್ಚಾಗಿ ಬೇರೆ ದಾರಿ ಹಿಡಿದವು. ಬಟ್ಟೆ ಒಗೆಯುವ ಯಂತ್ರ ‘ರೆಂತದೋರ’, ಸೂಲಗಿತ್ತಿಯ ಹೆಸರಿನಲ್ಲಿರುವ ಅದೇ ಪ್ರತ್ಯಯ, ‘ಒಗೆಯುವವಳು’ ಎಂದು. ಪಾತ್ರೆ ತೊಳೆಯುವ ಯಂತ್ರ ಮಾತ್ರ ಹಠ ಹಿಡಿದು ‘ರೆಂತಪ್ಲಾತ್ಸ್’ ಆಗಿಯೇ ಉಳಿಯಿತು.

ಸಾಧನಗಳಿಗೆ ಸಲ್ಲುವ ಈ ವ್ಯಾಕರಣವೇ ಬೈಗುಳಕ್ಕೂ ಸಲ್ಲುತ್ತದೆ ಎಂಬುದು ಮಜವಾದ ಸಂಗತಿ. ಹಗಲುಗನಸು ಕಾಣುವವನು ‘ಸೊಮಿಯತ್ರುಯ್ತೆಸ್’, ಅಂದರೆ ಕನಸು-ಆಮ್ಲೆಟ್ಟುಗಳು. ಮಾತುಮಾತಿಗೆ ಅಳುವವನು ‘ಪ್ಲೊರಮಿಕೆಸ್’, ಅಳು-ರೊಟ್ಟಿಚೂರುಗಳು. ವಾರಾಂತ್ಯಕ್ಕೆ ಹಳ್ಳಿಗಳ ಮೇಲೆ ಮುಗಿಬೀಳುವ ಬಾರ್ಸೆಲೋನಾದವರನ್ನು ಹಳ್ಳಿಗರು ‘ಪಿಶಪಿನ್ಸ್’ ಎನ್ನುತ್ತಾರೆ. ಪೈನ್ ಮರಗಳಿಗೂ ಮೂತ್ರಕ್ಕೂ ಸಂಬಂಧಿಸಿದ ಆ ಪದವನ್ನು ಬಿಡಿಸುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ. ಒಬ್ಬ ಮನುಷ್ಯನನ್ನು ಅವನ ಒಂದೇ ಚಟಕ್ಕೆ ಇಳಿಸಿಬಿಟ್ಟಾಗ ಅವನೂ ಡ್ರಾಯರಿನ ಒಂದು ಸಾಧನದಂತಾಗುತ್ತಾನೆ. ಹೊಗಳಿಕೆಗೂ ಇದು ಒದಗಿದ್ದುಂಟು. 1020ರಲ್ಲಿ ತೀರಿಕೊಂಡ ಬೆಸಾಲೂವಿನ ದೊರೆ ಬೆರ್ನಾತ್‌ನನ್ನು ಇತಿಹಾಸ ನೆನೆಯುವುದೇ ‘ತಲ್ಯಫೆರ್ರೊ’ ಎಂಬ ಬಿರುದಿನಿಂದ: ‘ಕಡಿ-ಕಬ್ಬಿಣ’. ಬೆಸಾಲೂ ಜಿರೋನಾದಿಂದ ಹೆಚ್ಚು ದೂರವಿಲ್ಲ. ಸಾವಿರ ವರ್ಷ ಹಿಂದಿನ ಖಡ್ಗಧಾರಿಯ ಬಿರುದೂ ನನ್ನ ಡ್ರಾಯರಿನ ಬಿರಡೆಗೀಳುವ ಮೊಳೆಯ ಹೆಸರೂ ಒಂದೇ ಅಚ್ಚಿನಲ್ಲಿ ಎರಕಗೊಂಡವು.

ಇಂಥ ಪದದ ಮೊದಲ ತುಂಡು ಯಾವ ರೂಪ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಹಳೆಯ ಜಗಳವಿದೆ. ‘ಲ್ಯೆವ’ ಎಂದರೆ ‘ಅವನು ತೆಗೆಯುತ್ತಾನೆ’ ಎಂದೂ ಆಗುತ್ತದೆ, ‘ನೀನು ತೆಗೆ’ ಎಂಬ ಆಜ್ಞೆಯೂ ಆಗುತ್ತದೆ. ಕತಲಾನ್‌ನಲ್ಲಿ ಎರಡೂ ರೂಪ ಒಂದೇ. ಓಬ್ರೆ, ತ್ರೆಂಕ, ರೆಂತ ಯಾವುದನ್ನು ಹಿಡಿದರೂ ಇದೇ ಇಬ್ಬಂದಿ. ಹಾಸಿಗೆಯ ಮೇಲುಹೊದಿಕೆಗೆ ಹೇಳುವ ‘ಕೊಬ್ರೆಲ್ಯಿತ್’ ಒಂದು ಸುಳಿವು ಕೊಟ್ಟೀತೆಂದು ನಾನು ಆಸೆಪಟ್ಟಿದ್ದೆ, ಏಕೆಂದರೆ ಹೊದಿಸು ಎಂಬ ಕ್ರಿಯಾಪದ ಇಂದು ಸಾಮಾನ್ಯವಾಗಿ ‘ಕೊಬ್ರೆಶ್’ ಎಂದಾಗುತ್ತದೆ, ಸಮಾಸದೊಳಗೆ ಮಾತ್ರ ಹಳೆಯ ‘ಕೊಬ್ರೆ’ ಉಳಿದಿದೆ. ಆದರೆ ಅದು ಪದ ಹಳೆಯದೆಂದು ಹೇಳುತ್ತದೆಯೇ ಹೊರತು ಜಗಳ ಬಗೆಹರಿಸುವುದಿಲ್ಲ.

ನನ್ನ ಮನಸ್ಸು ಆಜ್ಞೆಯ ಕಡೆಗೇ ವಾಲುತ್ತದೆ, ಅದಕ್ಕೆ ಕಾರಣ ಕತಲಾನ್ ಅಲ್ಲ, ಮತ್ತೆ ಪಾಣಿನಿ. ‘ಮಯೂರವ್ಯಂಸಕಾದಯಶ್ಚ’ ಎಂಬ ಸೂತ್ರದ ಗಣದಲ್ಲಿ, ಯಾವ ನಿಯಮಕ್ಕೂ ಒಗ್ಗದ ಸಮಾಸಗಳ ಗುಂಪಿನಲ್ಲಿ, ‘ಜಹಿಸ್ತಂಬ’ ಎಂಬ ಪದವಿದೆ. ‘ಜಹಿ’ ಎಂದರೆ ‘ಹೊಡೆ’ ಎಂಬ ಆಜ್ಞೆ, ಮಧ್ಯಮಪುರುಷ, ಅನುಮಾನಕ್ಕೆ ಎಡೆಯಿಲ್ಲದ ರೂಪ. ಅದಕ್ಕೆ ಕರ್ಮಪದವನ್ನು ಜೋಡಿಸಿದರೆ, ಆ ಕೆಲಸವನ್ನು ಪದೇಪದೇ ಮಾಡುವ ಕರ್ತೃವನ್ನು ಇಡೀ ಪದ ಹೇಳುತ್ತದೆ ಎಂದು ವೈಯಾಕರಣರು ವಿವರಿಸಿದ್ದಾರೆ. ಕಂಬಕ್ಕೆ ಸದಾ ಬಡಿಯುತ್ತಿರುವವನು ಜಹಿಸ್ತಂಬ. ಆಜ್ಞೆ, ಕರ್ಮ, ಕಾಣದ ಕರ್ತೃ: ಲ್ಯೆವತಾಪ್ಸ್‌ನ ಮೂರೂ ಲಕ್ಷಣಗಳು ಇಲ್ಲಿವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಅವುಗಳ ನಡುವೆ ಅಂಥ ಯಾವ ದಾರಿಯೂ ಇಲ್ಲ. ಸಂಸ್ಕೃತದಲ್ಲಿ ಮೂಲೆಗೆ ಸರಿದು ಹೆಚ್ಚುಕಡಿಮೆ ಒಣಗಿಹೋದ ಒಂದು ಬಗೆ ಲ್ಯಾಟಿನ್ನಿನಿಂದ ಹುಟ್ಟಿದ ರೋಮಾನ್ಸ್ ಭಾಷೆಗಳಲ್ಲಿ ಮನೆಮನೆಯ ಡ್ರಾಯರನ್ನೂ ತುಂಬುವಷ್ಟು ಫಲವತ್ತಾಯಿತು, ಅಷ್ಟೇ.

ಬರವಣಿಗೆಯಲ್ಲಿ ಈ ಸಮಾಸಗಳು ಒಂದೇ ಪದವಾಗಿ ಕೂಡಿಕೊಳ್ಳುತ್ತವೆ. ಎರಡನೆಯ ತುಂಡು ಅವರ ಎಸ್, ಆರ್ ಅಥವಾ ಎಕ್ಸ್ ಅಕ್ಷರದಿಂದ ಆರಂಭವಾದರೆ ಮಾತ್ರ ನಡುವೆ ಅಡ್ಡಗೆರೆ ಬರುತ್ತದೆ. ಬಿಸಿಲುಕೊಡೆ ‘ಪರ-ಸೋಲ್’, ಬಟ್ಟೆ ತೂಗುಹಾಕುವ ಹ್ಯಾಂಗರ್ ‘ಪೆಂಜ-ರೋಬೆಸ್’. ಕಾರಣ ಸರಳ: ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಒಂಟಿ ಎಸ್ ಅಕ್ಷರವನ್ನು ಅವರು ಜ಼ಕಾರವಾಗಿ ಓದುತ್ತಾರೆ, ಒಂಟಿ ಆರ್ ಅಕ್ಷರ ಮೆತ್ತಗಾಗುತ್ತದೆ. ಅಡ್ಡಗೆರೆಯಿಲ್ಲದಿದ್ದರೆ ಸೂರ್ಯ ‘ಜ಼ೋಲ್’ ಆಗಿಬಿಡುತ್ತಾನೆ.

ಇನ್ನು ತಿರಬುಶೋ. ಇದು ಫ್ರೆಂಚರ ‘ತೀರ್‌ಬೂಶೋಂ’ ಎಂಬ ಪದದ ಎರವಲು. ಫ್ರೆಂಚಿನಲ್ಲಿ ಅದೂ ಇದೇ ಅಚ್ಚಿನ ಸಮಾಸ: ‘ತೀರ್’ ಎಂದರೆ ಎಳೆ, ‘ಬೂಶೋಂ’ ಎಂದರೆ ಬಿರಡೆ. ಬೂಶೋಂ ಎಂಬುದು ಹುಲ್ಲಿನ ಹಿಡಿ, ಒಣಕಡ್ಡಿಗಳ ಕಂತೆ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಪಾತ್ರೆಯ ಬಾಯಿಗೆ ಹುಲ್ಲು ತುರುಕುತ್ತಿದ್ದ ಕಾಲ ಅದರಲ್ಲಿ ಅಡಗಿದೆ. ಕತಲಾನರು ಅದನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡ ರೀತಿ ಬಹಳ ಅಚ್ಚುಕಟ್ಟು. ಫ್ರೆಂಚಿನ ಅನುನಾಸಿಕ ಕತಲಾನ್‌ನಲ್ಲಿ ಬರಿಯ ‘ಓ’ ಆಯಿತು, ಅವರ ಸ್ವಂತ ಪದಗಳ ಕೊನೆಯ ನಕಾರ ಬಿದ್ದುಹೋಗುವ ಹಾಗೆಯೇ. ಬಹುವಚನದಲ್ಲಿ ಆ ನಕಾರ ಹಿಂತಿರುಗಿ ‘ತಿರಬುಶೋನ್ಸ್’ ಆಗುತ್ತದೆ. ಹೀಗೆ ಎರವಲಿಗೆ ಮನೆಮಗನ ನಡೆನುಡಿಯೆಲ್ಲ ಬಂತು, ಆದರೆ ಅರ್ಥ ಬರಲಿಲ್ಲ. ಕತಲಾನ್‌ನಲ್ಲಿ ‘ಬುಶೋ’ ಎಂದರೆ ಬಿರಡೆಯಲ್ಲ. ‘ತಿರ’ ಎಂಬುದೂ ಅಲ್ಲಿ ಎಳೆಯುವುದಕ್ಕಿಂತ ಎಸೆಯುವುದನ್ನೇ ಮೊದಲು ನೆನಪಿಗೆ ತರುತ್ತದೆ. ಸ್ಪ್ಯಾನಿಷರು ಇದೇ ಪದವನ್ನು ‘ತಿರಾಬುಸೋನ್’ ಮಾಡಿಕೊಂಡು ಇನ್ನಷ್ಟು ತಮಾಷೆ ಮಾಡಿದರು: ಅವರಲ್ಲಿ ‘ಬುಸೋನ್’ ಎಂದರೆ ಅಂಚೆಪೆಟ್ಟಿಗೆ. ಅರ್ಥ ಕಳೆದುಕೊಂಡ ತಿರಬುಶೋ ತನ್ನ ಆಕಾರವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದೆ, ಹಾಗಾಗಿ ಸುರುಳಿಸುರುಳಿಯಾಗಿ ಇಳಿಬಿಟ್ಟ ಗುಂಗುರು ಜಡೆಗೂ ಅದೇ ಹೆಸರು. ಲ್ಯೆವತಾಪ್ಸ್‌ಗೆ ಅದು ಸಾಧ್ಯವಿಲ್ಲ; ತನ್ನ ಕೆಲಸವನ್ನು ಅಷ್ಟು ಸ್ಪಷ್ಟವಾಗಿ ಹೇಳಿಕೊಂಡ ಪದ ಹುಡುಗಿಯ ತಲೆಗೂದಲಿಗೆ ಏರಲಾರದು. ಪಾರದರ್ಶಕವಾಗಿರುವುದೇ ಒಳ್ಳೆಯ ಪದದ ಗುಣವೆಂದು ನಂಬಿದ್ದ ನನಗೆ ಇದು ಸಣ್ಣ ಪೆಟ್ಟು.

ಮನೆಯೊಡತಿಗೆ ಲ್ಯೆವತಾಪ್ಸ್ ಏಕೆ ಅಷ್ಟು ಹತ್ತಿರ ಎಂಬುದು ಆಮೇಲೆ ತಿಳಿಯಿತು. ಅವರ ತವರು ಪಲಫ್ರುಜೆಲ್, ತಂದೆ ‘ತಪೇ’, ಅಂದರೆ ಬಿರಡೆ ಮಾಡುವ ಕೆಲಸಗಾರ. ಜಿರೋನಾ ಸೀಮೆಯ ಪಲಫ್ರುಜೆಲ್, ಸಾಂತ್ ಫೆಲಿಯು ದೆ ಗಿಶೋಲ್ಸ್, ಕಸ್ಸಾ ದೆ ಲಾ ಸೆಲ್ವ ಊರುಗಳು ಹದಿನೆಂಟನೆಯ ಶತಮಾನದಿಂದ ಬಿರಡೆಯ ಮೇಲೆಯೇ ಬದುಕಿದವು. ಪಲಫ್ರುಜೆಲ್‌ನಲ್ಲಿ ಇಂದು ಅದಕ್ಕೊಂದು ವಸ್ತುಸಂಗ್ರಹಾಲಯವೂ ಇದೆ. ಅಲ್ಲಿನ ಗುಡ್ಡಗಳ ಓಕ್ ಮರದ ತೊಗಟೆಯನ್ನು ಬೇಸಿಗೆಯಲ್ಲಿ ಸುಲಿಯುತ್ತಾರೆ, ಮತ್ತೆ ಸುಲಿಯಲು ಹನ್ನೆರಡು ಹದಿನಾಲ್ಕು ವರ್ಷ ಕಾಯುತ್ತಾರೆ. ಮೊದಲ ಸುಲಿತದ ಒರಟು ತೊಗಟೆ ಬಿರಡೆಗೆ ಬಾರದು. ಹೀಗೆ ಒಂದು ಒಳ್ಳೆಯ ಬಿರಡೆಯ ಹಿಂದೆ ಒಂದು ತಲೆಮಾರಿನ ತಾಳ್ಮೆ ಇರುತ್ತದೆ, ಅದನ್ನು ಕೀಳಲು ಅರ್ಧ ನಿಮಿಷ ಸಾಕು. ವಿಪರ್ಯಾಸವೆಂದರೆ ಆ ಊರುಗಳನ್ನು ಸಾಕಿದ್ದು ಬಹುಮಟ್ಟಿಗೆ ಫ್ರಾನ್ಸಿನ ಶಾಂಪೇನ್. 1872ರಲ್ಲಿ ಸಾಂತ್ ಸದುರ್ನಿ ದನೋಯಾದಲ್ಲಿ ಜೋಸೆಪ್ ರವೆಂತೋಸ್ ಅದೇ ವಿಧಾನದಲ್ಲಿ ನೊರೆವೈನ್ ಮಾಡಿದ ಮೇಲೆ ಕತಲೋನಿಯಾದ ಸ್ವಂತ ‘ಕಾವಾ’ ಕೂಡ ಸೇರಿಕೊಂಡಿತು. ನೊರೆವೈನಿನ ಬಿರಡೆ ಒಳಗಿನ ಒತ್ತಡಕ್ಕೆ ತಾನೇ ಹಾರುತ್ತದೆ, ಅದಕ್ಕೆ ಲ್ಯೆವತಾಪ್ಸ್ ಬೇಕೇ ಇಲ್ಲ. “ಅಪ್ಪ ಆಯುಷ್ಯವಿಡೀ ಮಾಡಿದ ಬಿರಡೆಗಳಿಗೆ ಇದರ ಮುಖ ಗೊತ್ತಿರಲಿಲ್ಲ” ಎಂದು ಅವರು ಮೊಳೆಯನ್ನು ತಿರುಗಿಸುತ್ತ ನಕ್ಕರು.

ಅವತ್ತೇ ನಾನು ಅವರಿಗೆ ನಮ್ಮ ಕಡೆಗೋಲಿನ ಸುದ್ದಿ ಹೇಳಿದೆ. ನಿಮ್ಮ ಪದಗಳಲ್ಲಿ ಸಾಧನವೇ ಇರುವುದಿಲ್ಲ, ನಮ್ಮ ಪದದಲ್ಲಿ ನೋಡಿ ಕೋಲು ಎದ್ದು ಕಾಣುತ್ತದೆ ಎಂದು ಸ್ವಲ್ಪ ಬೀಗಿಯೇ ಹೇಳಿದೆನೆಂದು ತೋರುತ್ತದೆ. ಅವರು ಪಾಠ ಹೇಳಿದ ಹಳೆಯ ಅಭ್ಯಾಸದಲ್ಲಿ ಕ್ಷಣ ಯೋಚಿಸಿ ಕೇಳಿದರು: “ಕಡೆಯುವ ಕೋಲು, ಸರಿ. ಏನನ್ನು ಕಡೆಯುವುದು?”

“ಮೊಸರನ್ನು.”

“ಅದು ಪದದಲ್ಲಿ ಎಲ್ಲಿದೆ?”

ಇರಲಿಲ್ಲ. ಊದುಗೊಳವೆಯಲ್ಲಿ ಬೆಂಕಿ ಇರಲಿಲ್ಲ, ತುರಿಮಣೆಯಲ್ಲಿ ತೆಂಗಿನಕಾಯಿ ಇರಲಿಲ್ಲ, ಬೀಸುಕಲ್ಲಿನಲ್ಲಿ ರಾಗಿ ಇರಲಿಲ್ಲ. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಅವರು ಕತಲಾನ್‌ನ ಕಲಕು ಎಂಬ ಕ್ರಿಯಾಪದಕ್ಕೆ ಮೊಸರಿನ ಬಹುವಚನ ಜೋಡಿಸಿ ‘ರೆಮೆನಯೋಗುರ್ತ್ಸ್’ ಎಂದು ಅಲ್ಲೇ ಒಂದು ಪದ ಕಟ್ಟಿ, ನಿಮ್ಮ ಅಮ್ಮನ ಮನೆಯಲ್ಲಿ ಅದು ಒಂದಿದೆಯೋ ಎರಡಿವೆಯೋ ಎಂದು ಕೇಳಿದರು.